ವ್ಯತ್ಯಾಸ ಒಂಬತ್ತರಿಂದ ಭಾಗ ಹೋದ್ರೆ

ಅಕೌಂಟ್ಸ್ ಲೈನಿನಲ್ಲಿ ಇದ್ದವರಿಗೆಲ್ಲ ಗೊತ್ತಿರುವ ಒಂದು ಹಳೇ ಉಪಾಯ ಉಂಟು. ಟ್ರಯಲ್ ಬ್ಯಾಲೆನ್ಸ್, ಅಂದ್ರೆ ಎಲ್ಲ ಖಾತೆಗಳ ಜಮಾ ಖರ್ಚಿನ ಪಟ್ಟಿ, ಕೂಡಿಸಿದಾಗ ಎರಡು ಬದಿ ಟ್ಯಾಲಿ ಆಗ್ಲಿಲ್ಲ ಅಂತಿಟ್ಕೊಳ್ಳಿ, ಮೊದ್ಲು ಆ ವ್ಯತ್ಯಾಸವನ್ನ ಒಂಬತ್ತರಿಂದ ಭಾಗ ಮಾಡಿ ನೋಡೂದು. ಶೇಷ ಇಲ್ಲದೆ ಭಾಗ ಹೋಯ್ತಾ, ಹಾಗಾದ್ರೆ ಯಾರೋ ಎಲ್ಲೋ 54 ಬರಿಯೂದರ ಬದ್ಲು 45 ಬರ್ದಿದ್ದಾರೆ. (ಅಂಕಿ ಅದಲುಬದಲಾದ್ರೆ ವ್ಯತ್ಯಾಸ ಯಾವಾಗ್ಲೂ ಒಂಬತ್ತರ ಮಗ್ಗಿಯಲ್ಲೇ ಬರೂದು, ಬೇಕಾದ್ರೆ ಮಾಡಿ ನೋಡಿ.) ಭಾಗ ಹೋಗ್ಲಿಲ್ವಾ, ಅರ್ಧ ಮಾಡಿ ಆ ಮೊತ್ತವನ್ನ ಹುಡುಕೂದು, ಜಮಾಕ್ಕೆ ಹಾಕ್ಬೇಕಾದ್ದನ್ನ ಖರ್ಚಿನ ಬದಿಗೆ ಹಾಕಿರ್ತಾರೆ. ಅಂದ್ರೆ ವ್ಯತ್ಯಾಸದ ಮುಖ ನೋಡಿಯೇ ಅದರ ಕಾರಣ ಊಹಿಸೂದು. ಮೂವತ್ತು ವರ್ಷ ನನ್ನ ಹೊಟ್ಟೆ ತುಂಬಿಸಿದ ವಿದ್ಯೆ ಇದು, ಬೇರೆ ದೊಡ್ಡ ಬುದ್ಧಿವಂತಿಕೆ ಎಂತ ಇಲ್ಲ.

ಹೋದ ಭಾನುವಾರ ನನ್ನ ಅಳಿಯ, ಅಂದ್ರೆ ಅಕ್ಕನ ಮಗ, ಊಟಕ್ಕೆ ಅಂತ ಡೊಂಬಿವಿಲಿಗೆ ಬಂದಿದ್ದ. ಕೊಲಾಬಾದ ತುದಿಯಲ್ಲಿ ನೇವಿ ನಗರದ ಆಚೆ ಸಮುದ್ರಕ್ಕೆ ತಾಗಿ ಟಾಟಾ ಇನ್‌ಸ್ಟಿಟ್ಯೂಟ್ ಉಂಟಲ್ಲ, ಟಿಐಎಫ್‌ಆರ್, ಅಲ್ಲಿ ಫಿಸಿಕ್ಸ್‌ನಲ್ಲಿ ಪಿಎಚ್‌ಡಿ ಮಾಡ್ತಾ ಇದ್ದಾನೆ, ಥಿಯರಿ. ಥಿಯರಿ ಅಂದ್ರೆ ಲ್ಯಾಬ್ ಇಲ್ಲ ಮೆಷಿನ್ ಇಲ್ಲ, ಪೆನ್ನು ಪೇಪರು ಕಂಪ್ಯೂಟರು ಅಷ್ಟೇ, ಊರಲ್ಲಿ ಯಾರಾದ್ರೂ ಕೇಳಿದ್ರೆ ಅಕ್ಕ "ಸೈಂಟಿಸ್ಟು" ಅಂತ ಹೇಳಿ ಕೂಡ್ಲೇ ಮಾತು ಬದಲಾಯಿಸ್ತಾಳೆ. (ಆ ಸಂಸ್ಥೆ 1945ರಲ್ಲಿ ಶುರುವಾದ್ದು ಬೆಂಗಳೂರಿನ ಐಐಎಸ್‌ಸಿ ಕ್ಯಾಂಪಸ್‌ನಲ್ಲಿ, ಅದೇ ವರ್ಷದ ಕೊನೆಗೆ ಹೋಮಿ ಭಾಭಾ ಅದನ್ನ ಮುಂಬೈಗೆ ತಂದ್ರು. ಹುಟ್ಟಿದ್ದು ಅಲ್ಲಿ, ದುಡಿಯೂದು ಇಲ್ಲಿ, ನಮ್ಮೆಲ್ಲರ ಹಾಗೇ.)

ನೀರ್‌ದೋಸೆ ನಾಲ್ಕನೆಯದ್ದು ಹಾಕ್ಕೊಳ್ಳುವಾಗ ಕೇಳಿದೆ, ನಿನ್ನ ಸಬ್ಜೆಕ್ಟ್ ಎಂತದು ಮಾರಾಯ, ಈ ಸಲ ನನಗೆ ತಲೆಗೆ ಹೋಗುವ ಹಾಗೆ ಹೇಳು. ಅವ ಸ್ವಲ್ಪ ಹೊತ್ತು ಚಟ್ನಿ ನೋಡ್ತಾ ಕೂತು ಹೇಳಿದ, "ಮಾವ, ನಿಮ್ಮ ಲೆಕ್ಕದಲ್ಲೇ ಹೇಳ್ತೇನೆ. ಎರಡು ದೊಡ್ಡ ಅಕೌಂಟ್ ಉಂಟು. ಒಂದಕ್ಕೂ ಇನ್ನೊಂದಕ್ಕೂ ಸಂಬಂಧ ಇಲ್ಲ. ಆದ್ರೆ ಒಂದರಿಂದ ಒಂದು ಕಳೆದ್ರೆ ಉಳಿಯೂದು ಬರೀ ಚಿಲ್ಲರೆ. ಅದು ಯಾಕೆ ಅಂತ ಯಾರಿಗೂ ಗೊತ್ತಿಲ್ಲ."

ನನ್ನ ಕಿವಿ ನೆಟ್ಟಗಾಯ್ತು. ಇದು ನಮ್ಮ ಕೇಸು!

ಅವ ಹೇಳಿದ್ದನ್ನ ನನಗೆ ತಿಳಿದ ಹಾಗೆ ಬರೀತೇನೆ. 2012ರ ಜುಲೈ 4ರಂದು ಜಿನೀವಾದ ಸರ್ನ್ ಲ್ಯಾಬ್‌ನಲ್ಲಿ ಹಿಗ್ಸ್ ಕಣ ಸಿಕ್ಕಿತು ಅಂತ ಅನೌನ್ಸ್ ಮಾಡಿದ್ರಲ್ಲ, ಟಿವಿಯವರು ದೇವಕಣ ದೇವಕಣ ಅಂತ ಕಿರುಚಿದ್ದು ನೆನಪಿರ್ಬಹುದು, ಅದರ ತೂಕ 125 ಜಿಇವಿ. ಜಿಇವಿ ಅಂದ್ರೆ ಇವರ ತೂಕದ ಬಟ್ಟು ಅಂತ ತಿಳ್ಕೊಳ್ಳಿ, ಒಂದು ಪ್ರೋಟಾನ್ ಒಂದು ಜಿಇವಿಗಿಂತ ಚೂರು ಕಮ್ಮಿ. ಹಿಗ್ಸ್ ಒಂದೇ ಕಣ, ಆದ್ರೆ ಹೆಚ್ಚುಕಮ್ಮಿ ಇಡೀ ಒಂದು ಸೀಸಿಯಂ ಪರಮಾಣುವಿನಷ್ಟು ತೂಕ. ಇಲ್ಲಿ ತನಕ ಗಲಾಟೆ ಇಲ್ಲ.

ಗಲಾಟೆ ಇರೂದು ಆ 125 ಎಲ್ಲಿಂದ ಬಂತು ಅನ್ನೂದರಲ್ಲಿ. ಕ್ವಾಂಟಮ್ ಲೆಕ್ಕದಲ್ಲಿ ಯಾವ ಕಣಕ್ಕೂ ಬರೀ ಅದರದ್ದೇ ತೂಕ ಅಂತ ಇಲ್ಲ. ಖಾಲಿ ಜಾಗದಲ್ಲೂ ಕಣಗಳು ಕ್ಷಣಕ್ಷಣಕ್ಕೆ ಬಂದು ಹೋಗ್ತಾ ಇರ್ತವೆ, ಹಿಗ್ಸ್ ಅವೆಲ್ಲದರ ಜೊತೆ ಲೇವಾದೇವಿ ಮಾಡ್ತಾ ಇರ್ತದೆ, ಆ ವ್ಯವಹಾರವೆಲ್ಲ ಅದರ ತೂಕದ ಖಾತೆಗೆ ಬಂದು ಬೀಳ್ತದೆ. ಟಾಪ್ ಕ್ವಾರ್ಕ್ ಅಂತ ಒಂದು ಮೂಲಕಣ ಉಂಟು, 173 ಜಿಇವಿ, ಎಲ್ಲಕ್ಕಿಂತ ಭಾರದ್ದು, ಅದರ ಪಾಲೇ ಜಾಸ್ತಿ. ಈ ವ್ಯವಹಾರವನ್ನ ಯಾವ ಎನರ್ಜಿ ತನಕ ಕೂಡಿಸ್ಬೇಕು? ನಮಗೆ ಗೊತ್ತಿರುವ ಥಿಯರಿ ಎಲ್ಲಿ ತನಕ ನಡೀತದೋ ಅಲ್ಲಿ ತನಕ. ಗುರುತ್ವಾಕರ್ಷಣೆಯೂ ಕ್ವಾಂಟಮ್ ಆಟಕ್ಕೆ ಇಳಿಯುವ ಜಾಗಕ್ಕೆ ಪ್ಲಾಂಕ್ ಸ್ಕೇಲ್ ಅಂತಾರೆ, 12ರ ಮುಂದೆ 18 ಸೊನ್ನೆ ಹಾಕಿದಷ್ಟು ಜಿಇವಿ. ಲೆಕ್ಕ ನಡಿಯೂದು ತೂಕದ ವರ್ಗದಲ್ಲಿ, ಹಾಗಾಗಿ ಒಂದು ಕಡೆ 125ರ ವರ್ಗ, 15,625. ಇನ್ನೊಂದು ಕಡೆ ಪ್ಲಾಂಕ್ ವರ್ಗ, 15ರ ಮುಂದೆ 37 ಸೊನ್ನೆ.

ಅಂದ್ರೆ ಹಿಗ್ಸ್‌ನ ಮೂಲ ಬಂಡವಾಳ ಅಂತ ಒಂದು ದೈತ್ಯ ಅಂಕಿ, ವ್ಯವಹಾರದಿಂದ ಬಂದದ್ದು ಅಂತ ಇನ್ನೊಂದು ದೈತ್ಯ ಅಂಕಿ ಉಲ್ಟಾ ಚಿಹ್ನೆಯಲ್ಲಿ, ಎರಡೂ ಸುಮಾರು 32ರಿಂದ 34 ಅಂಕಿ ತನಕ ಅಕ್ಷರ ತಪ್ಪದೆ ಹೊಂದಿಕೊಂಡು ಆಮೇಲೆ ಬಾಲದಲ್ಲಿ ಮಾತ್ರ ಬೇರೆ ಆಗ್ಬೇಕು, ಆ ಬಾಲವೇ ನಮ್ಮ 125. ಇದಕ್ಕೆ ಹೈರಾರ್ಕಿ ಪ್ರಾಬ್ಲಂ ಅಂತ ಹೆಸರು.

34 ಅಂಕಿ ಅಂದ್ರೆ ಎಷ್ಟು ಅಂತ ನನಗೆ ಒಂದು ಅಂದಾಜು ಬೇಕಿತ್ತು, ಫೋನ್ ತೆಗೆದು ಹಾಕಿದೆ. ಇಡೀ ಭಾರತದ ವರ್ಷದ ಜಿಡಿಪಿ 300 ಲಕ್ಷ ಕೋಟಿ ರೂಪಾಯಿ ದಾಟಿದೆ. ಅದನ್ನ ಪೈಸೆಯಲ್ಲಿ ಬರೆದ್ರೂ 17 ಅಂಕಿ ಅಷ್ಟೇ. ಇಡೀ ದೇಶದ ಒಂದು ವರ್ಷದ ಜಮಾ ಖರ್ಚು ಒಂದೊಂದು ಪೈಸೆಗೆ ಸರಿಯಾಗಿ ಹೊಂದಿದೆ ಅಂತ ಯಾರಾದ್ರೂ ಬ್ಯಾಲೆನ್ಸ್ ಶೀಟ್ ತಂದ್ರೆ ನಾನು ಸಹಿ ಹಾಕೂದಿಲ್ಲ ಮಾರಾಯ್ರೆ, ಇಲ್ಲಿ ಅದರ ಡಬಲ್ ಅಂಕಿ.

"ಆದ್ರೆ ಎಲ್ಲ ಕಣಕ್ಕೂ ಇದೇ ಕಥೆ ಅಲ್ವಾ?" ಅಂತ ಕೇಳಿದೆ. ಅಲ್ಲ ಅಂತೆ. ಇದು ಕೇಳಿದಾಗ ನನಗೆ ನಿಜವಾಗಿ ಖುಷಿಯಾಯ್ತು. ಎಲೆಕ್ಟ್ರಾನ್‌ಗೂ ವ್ಯವಹಾರದ ಖರ್ಚು ಬೀಳ್ತದೆ, ಆದ್ರೆ ಅದು ಪರ್ಸೆಂಟ್ ಲೆಕ್ಕ, ಜಿಎಸ್‌ಟಿ ತರ. ಅಸಲು ಸೊನ್ನೆ ಆದ್ರೆ ಟ್ಯಾಕ್ಸೂ ಸೊನ್ನೆ. ಪ್ಲಾಂಕ್ ತನಕ ಕೂಡಿಸಿದ್ರೂ ಎಲೆಕ್ಟ್ರಾನಿನ ತೂಕ ಶೇಕಡಾ 20ರಷ್ಟು ಆಚೆಈಚೆ ಆದೀತು, ಅಷ್ಟೇ. ಹಿಗ್ಸ್‌ಗೆ ಬೀಳೂದು ಪರ್ಸೆಂಟ್ ಅಲ್ಲ, ನಮ್ಮ ಬಿಲ್ಡಿಂಗಿನ ಸೊಸೈಟಿ ಮೇಂಟೆನೆನ್ಸ್ ತರ. ನೀವು ಮನೆಯಲ್ಲಿ ಒಬ್ರೇ ಇರಿ, ಬೀಗ ಹಾಕಿ ಊರಿಗೆ ಹೋಗಿ, ಬಿಲ್ಡಿಂಗ್ ಎಷ್ಟು ಎತ್ತರವೋ ಅಷ್ಟು ಬಿಲ್ ಬಂದೇ ಬರ್ತದೆ, ನಿಮ್ಮ ಸಂಬಳ ಎಷ್ಟು ಅಂತ ಯಾರೂ ಕೇಳೂದಿಲ್ಲ. 1979ರಲ್ಲಿ ಡಚ್ ವಿಜ್ಞಾನಿ ಗೆರಾರ್ಡ್ ಟ್ ಹೂಫ್ಟ್ ಇದನ್ನ ನಿಯಮದ ತರ ಹೇಳಿದ್ರು: ಒಂದು ಅಂಕಿ ತೀರಾ ಸಣ್ಣದಾಗಿ ಇರ್ಬೇಕಾದ್ರೆ, ಅದನ್ನ ಪೂರ್ತಿ ಸೊನ್ನೆ ಮಾಡಿದಾಗ ಪ್ರಕೃತಿಯಲ್ಲಿ ಒಂದು ಹೊಸ ಸಿಮೆಟ್ರಿ ಹುಟ್ಬೇಕು. ಆ ಸಿಮೆಟ್ರಿಯೇ ಅಂಕಿಯನ್ನ ಸಣ್ಣದಾಗಿ ಕಾಯೂದು. ಎಲೆಕ್ಟ್ರಾನ್‌ಗೆ ಅಂಥ ಕಾವಲುಗಾರ ಇದ್ದಾನೆ, ಹಿಗ್ಸ್‌ಗೆ ಇಲ್ಲ. ಕಾವಲು ಇದ್ದದ್ದನ್ನ ನ್ಯಾಚುರಲ್ ಅಂತಾರೆ, ಇಲ್ಲದಿದ್ದದ್ದು ಫೈನ್ ಟ್ಯೂನಿಂಗ್.

ಇಷ್ಟೇ ಆಗಿದ್ರೆ ಬರೀ ಅನುಮಾನ ಅಂತ ಬಿಡ್ಬಹುದಿತ್ತು, ಆದ್ರೆ ಈ ಅನುಮಾನ ಮೊದ್ಲು ಕೆಲಸ ಮಾಡಿದೆ. ಎಲೆಕ್ಟ್ರಾನ್ ಕಾವಲುಗಾರನೂ ಹೀಗೇ ಸಿಕ್ಕಿದ್ದು: ಹಳೇ ಲೆಕ್ಕದಲ್ಲಿ ಅದರ ಸುತ್ತಲಿನ ವಿದ್ಯುತ್ ಕ್ಷೇತ್ರದ ಎನರ್ಜಿಯೇ ತೂಕಕ್ಕಿಂತ ಎಷ್ಟೋ ಪಟ್ಟು ಜಾಸ್ತಿ ಆಗ್ತಿತ್ತು, ಆಮೇಲೆ 1932ರಲ್ಲಿ ಪಾಸಿಟ್ರಾನ್, ಅಂದ್ರೆ ಎಲೆಕ್ಟ್ರಾನಿನ ಪ್ರತಿಕಣ, ಸಿಕ್ಕಿತು, 1939ರಲ್ಲಿ ವೈಸ್ಕಾಫ್ ಅನ್ನುವ ವಿಜ್ಞಾನಿ ಅದನ್ನ ಸೇರಿಸಿ ಲೆಕ್ಕ ಹಾಕಿ ತೋರಿಸಿದ್ರು, ದೊಡ್ಡ ಭಾಗ ವಜಾ ಆಗ್ತದೆ ಅಂತ. ಆದ್ರೆ ನನಗೆ ಸೇರಿದ್ದು 1974ರ ಕಥೆ. ಕೇಯಾನ್ ಅಂತ ಒಂದು ಕಣದ ಎರಡು ರೂಪಗಳ ತೂಕದ ನಡುವೆ ಎಷ್ಟೋ ಸಣ್ಣ ವ್ಯತ್ಯಾಸ ಉಂಟು, ಲೆಕ್ಕದ ಪ್ರಕಾರ ಇರ್ಬೇಕಾದ್ದಕ್ಕಿಂತ ತೀರಾ ಕಮ್ಮಿ. ಮೇರಿ ಗೈಲಾರ್ಡ್ ಮತ್ತು ಬೆಂಜಮಿನ್ ಲೀ ಅನ್ನುವ ಇಬ್ರು ವಿಜ್ಞಾನಿಗಳು ಕೂತು ನೋಡಿದ್ರು, ಇದು ಸರಿಯಾಗ್ಬೇಕಾದ್ರೆ ಇನ್ನೂ ಯಾರೂ ಕಾಣದ ಚಾರ್ಮ್ ಕ್ವಾರ್ಕ್ ಇರ್ಲೇಬೇಕು, ಅದರ ತೂಕ ಸುಮಾರು 1.5 ಜಿಇವಿ. ಅದೇ ವರ್ಷ ನವೆಂಬರ್‌ನಲ್ಲಿ ಅಮೆರಿಕದ ಎರಡು ಲ್ಯಾಬ್‌ಗಳಲ್ಲಿ ಒಟ್ಟೊಟ್ಟಿಗೆ ಹೊಸ ಕಣ ಸಿಕ್ಕಿತು, 3.1 ಜಿಇವಿ, ಒಂದು ಚಾರ್ಮ್ ಮತ್ತು ಅದರ ಪ್ರತಿಕಣ ಜೋಡಿ. ಕಳೆದು ಉಳಿದ ಚಿಲ್ಲರೆಯ ಮುಖ ನೋಡಿ ಕಾಣೆಯಾದ ವೋಚರಿನ ಮೊತ್ತ ಹೇಳಿದ್ದು! ನಮ್ಮಲ್ಲಿ ಇಂಥವರು ಒಬ್ರು ಇದ್ದಿದ್ರೆ ಪಾರ್ಟ್‌ನರ್ ಮಾಡ್ಕೊಳ್ತಿದ್ರು.

ಹಾಗಾಗಿ ಹಿಗ್ಸ್ ವಿಷಯದಲ್ಲೂ ಎಲ್ಲರೂ ಕಾಣೆಯಾದ ವೋಚರ್ ಹುಡುಕ್ಲಿಕ್ಕೆ ಹೊರಟ್ರು. ಎಲ್ಲಕ್ಕಿಂತ ಜನಪ್ರಿಯ ಐಡಿಯಾ ಸೂಪರ್‌ಸಿಮೆಟ್ರಿ. ಅಳಿಯ ಇದನ್ನ ವಿವರಿಸ್ಲಿಕ್ಕೆ ಕೈ ಆಡಿಸ್ತಾ ಏನೇನೋ ಹೇಳ್ತಾ ಇದ್ದ, ನಾನೇ ತಡೆದೆ, ತಡಿ ಮಾರಾಯ ಇದು ಡಬಲ್ ಎಂಟ್ರಿ ಅಲ್ವಾ? ಅವ ನಕ್ಕ, ಹೌದು ಅಂದ. ಪ್ರತಿ ಕಣಕ್ಕೂ ಒಂದು ಜೋಡಿ ಕಣ, ಒಂದು ಜಮಾ ಹಾಕಿದ್ರೆ ಇನ್ನೊಂದು ಅಷ್ಟೇ ಖರ್ಚು ಹಾಕ್ತದೆ, ಟಾಪ್ ಕ್ವಾರ್ಕ್‌ನ ದೈತ್ಯ ಬಿಲ್ಲನ್ನ ಅದರ ಜೋಡಿ ವಜಾ ಮಾಡ್ತದೆ, ಬಾಕಿ ಉಳಿಯೂದು ಚಿಲ್ಲರೆಯೇ. ಷರತ್ತು ಒಂದೇ, ಜೋಡಿಗಳ ತೂಕ ತೀರಾ ದೂರ ಇರ್ಬಾರ್ದು, ಸಾವಿರ ಜಿಇವಿ ಆಸುಪಾಸು ಇರ್ಬೇಕು, ಇಲ್ಲಾಂದ್ರೆ ವಜಾ ಆಗೂದು ಅರ್ಧಂಬರ್ಧ. ಬೇರೆಯವರು ಬೇರೆ ದಾರಿ ಹಿಡಿದ್ರು, ಹೆಚ್ಚುವರಿ ಆಯಾಮಗಳು ಉಂಟು ಅಂತ 1998-99ರಲ್ಲಿ ದೊಡ್ಡ ಅಲೆ ಎದ್ದಿತ್ತು. ಯಾವ ದಾರಿ ಹಿಡಿದ್ರೂ ಒಂದು ಮಾತು ಕಾಮನ್, ಸರ್ನ್‌ನ 27 ಕಿಲೋಮೀಟರ್ ಸುತ್ತಳತೆಯ ಆ ಮೆಷಿನ್‌ನಲ್ಲಿ ಹಿಗ್ಸ್ ಜೊತೆಗೆ ಇನ್ನೂ ಎಂತಾದ್ರೂ ಸಿಗ್ಲೇಬೇಕು.

ಸಿಗ್ಲಿಲ್ಲ.

"ಹಿಗ್ಸ್ ಸಿಕ್ಕಿದಾಗ ನಾನು ಏಳನೇ ಕ್ಲಾಸ್ ಮಾವ. ಅಲ್ಲಿಂದ ಇಲ್ಲಿ ತನಕ ಹೊಸ ಮೂಲಕಣ ಒಂದೂ ಇಲ್ಲ" ಅಂದ. ಅದನ್ನ ಅವ ಹೇಳಿದ ರೀತಿ ನನಗೆ ಸ್ವಲ್ಪ ಬೇಜಾರಾಯ್ತು. ಗ್ಲೂಯಿನೋ ಅಂತ ಒಂದು ಜೋಡಿ ಕಣವನ್ನ 2,300 ಜಿಇವಿ ಹತ್ತಿರದ ತನಕ ಹುಡುಕಿ ಇಲ್ಲ ಅಂತ ಬರ್ದಾಗಿದೆ. 2015ರ ಡಿಸೆಂಬರ್‌ನಲ್ಲಿ 750 ಜಿಇವಿ ಹತ್ತಿರ ಡೇಟಾದಲ್ಲಿ ಒಂದು ಸಣ್ಣ ಉಬ್ಬು ಕಂಡಿತ್ತು, ಏಳೆಂಟು ತಿಂಗಳಲ್ಲಿ ಸುಮಾರು 500 ಪೇಪರ್ ಬಂದವು ಅದು ಎಂತದಿರ್ಬಹುದು ಅಂತ, 2016ರ ಆಗಸ್ಟ್‌ನಲ್ಲಿ ಜಾಸ್ತಿ ಡೇಟಾ ಬಂದಾಗ ಉಬ್ಬೇ ಮಾಯ. ಇಲ್ಲದ ಎಂಟ್ರಿಗೆ 500 ನೋಟ್ಸ್ ಟು ಅಕೌಂಟ್ಸ್. ನಗೂದಾ ಅಳೂದಾ.

ಹಾಗಾದ್ರೆ ಆ 34 ಅಂಕಿಗೆ ಎಂತ ಮಾಡಿದ್ರಿ ಅಂತ ಕೇಳಿದೆ. ಹಾಗೇ ಉಂಟು ಅಂದ. ನಮ್ಮಲ್ಲಿ ಇದಕ್ಕೆ ಸಸ್ಪೆನ್ಸ್ ಅಕೌಂಟ್ ಅಂತಾರೆ, ಟ್ಯಾಲಿ ಆಗದ್ದನ್ನ ತಾತ್ಕಾಲಿಕವಾಗಿ ತಂದು ಹಾಕುವ ಖಾತೆ. ಕೆಲವು ಕಂಪನಿಗಳಲ್ಲಿ ಅದು ತಾತ್ಕಾಲಿಕ ಅಂತ ಹೇಳ್ತಾ ಹೇಳ್ತಾ ಇಪ್ಪತ್ತು ವರ್ಷ ಇರ್ತದೆ.

ಈಗ ಅವನ ಫೀಲ್ಡ್‌ನಲ್ಲಿ ಎರಡು ಪಾರ್ಟಿ ಅಂತೆ. ಒಂದು ಪಾರ್ಟಿ ಹೇಳೂದು, ಸಮಸ್ಯೆಯೇ ಇಲ್ಲ. ಆ ಎರಡು ದೈತ್ಯ ಅಂಕಿಗಳನ್ನ ಯಾರು ನೋಡಿದ್ದಾರೆ? ಅಳತೆಗೆ ಸಿಗೂದು ಕೊನೆಯ 125 ಮಾತ್ರ, ಮೂಲ ಬಂಡವಾಳ ಅನ್ನೂದು ನಾವು ಕಾಗದದಲ್ಲಿ ಬರ್ಕೊಂಡದ್ದು. ಅಲ್ಲದೆ ಹೀಗಾಗುವ ಚಾನ್ಸ್ ಇಷ್ಟು ಕಮ್ಮಿ ಅಂತ ಹೇಳ್ಬೇಕಾದ್ರೆ ಹತ್ತಾರು ಬ್ರಹ್ಮಾಂಡ ನೋಡಿರ್ಬೇಕು, ನಮಗೆ ಸಿಕ್ಕಿದ್ದು ಒಂದು. ಆಡಿಟರ್ ಆಗಿ ನನಗೆ ಮೊದಲ್ನೇ ವಾದ ಕೇಳಿದ್ರೆ ಮೈ ಉರೀತದೆ. ಲೆಡ್ಜರ್ ತೋರ್ಸೂದಿಲ್ಲ, ಕೊನೆಯ ಬ್ಯಾಲೆನ್ಸ್ ಸರಿ ಉಂಟಲ್ಲ ಅಂತ ಹೇಳುವ ಸೇಠ್‌ಗಳನ್ನ ಎಷ್ಟು ನೋಡಿಲ್ಲ ನಾನು. ಎರಡನೆಯದ್ದಕ್ಕೆ ಮಾತ್ರ ನನ್ನ ಹತ್ರ ಉತ್ತರ ಇಲ್ಲ, ನನ್ನ ಅನುಮಾನಕ್ಕೆ ಬೆಲೆ ಇರೂದು ನಾನು ಸಾವಿರ ಪುಸ್ತಕ ನೋಡಿದ್ದೇನೆ ಅಂತಲೇ.

ಇನ್ನೊಂದು ಪಾರ್ಟಿ ಹೇಳೂದು, ಪ್ಲಾಂಕ್ ವಿಷಯ ಬಿಡಿ, ನಡುವೆ ಎಲ್ಲಾದ್ರೂ ಒಂದು ಭಾರದ ಕಣ ನಿಜವಾಗಿ ಇದ್ದು ಅದು ಹಿಗ್ಸ್ ಜೊತೆ ಬೆರೆತ್ರೆ ಸಾಕು, ಬಿಲ್ ನಿಜದ ಬಿಲ್, ಕಾಗದದ್ದಲ್ಲ. ಅಂಥ ಭಾರದ ಕಣ ಇರ್ಬಹುದು ಅನ್ಲಿಕ್ಕೆ ಒಂದು ಹಳೇ ಕಾರಣ ಗ್ರ್ಯಾಂಡ್ ಯೂನಿಫಿಕೇಶನ್, ಮೂರು ಬಲಗಳು ಮೇಲೆ ಎಲ್ಲೋ ಒಂದಾಗ್ತವೆ ಅನ್ನುವ ಐಡಿಯಾ. ಅದು ನಿಜ ಆದ್ರೆ ಪ್ರೋಟಾನ್ ಒಂದಲ್ಲ ಒಂದು ದಿನ ಸಾಯ್ಬೇಕು, ಅಂದ್ರೆ ಒಡೆದು ಬೇರೆ ಕಣಗಳಾಗ್ಬೇಕು. ಇದನ್ನ ಹುಡುಕಿದ್ದು ಎಲ್ಲಿ ಗೊತ್ತುಂಟಾ, ನಮ್ಮ ಕೋಲಾರದಲ್ಲಿ! 1980ರ ದಶಕದಲ್ಲಿ ಇದೇ ಟಿಐಎಫ್‌ಆರ್‌ನವರು ಜಪಾನಿನವರ ಜೊತೆ ಸೇರಿ ಕೆಜಿಎಫ್ ಗಣಿಯೊಳಗೆ ಎರಡು ಕಿಲೋಮೀಟರಿಗೂ ಆಳದಲ್ಲಿ ಡಿಟೆಕ್ಟರ್ ಇಟ್ಟು ಪ್ರೋಟಾನ್ ಸಾಯೂದನ್ನ ಕಾದು ಕೂತಿದ್ರು. 1965ರಲ್ಲಿ ವಾತಾವರಣದ ನ್ಯೂಟ್ರಿನೋ ಅನ್ನುವ ಕಣವನ್ನ ಮೊದಲು ಹಿಡಿದವರಲ್ಲೂ ಕೋಲಾರದವರು ಇದ್ದಾರೆ. ಪ್ರೋಟಾನ್ ಸಾವಿನ ಹಾಗೆ ಕಾಣುವ ಕೆಲವು ಘಟನೆ ಸಿಕ್ಕಿದೆ ಅಂತ ಅವರು ಹೇಳಿದ್ರು, ಆದ್ರೆ ಆಮೇಲೆ ಬಂದ ದೊಡ್ಡ ಡಿಟೆಕ್ಟರ್‌ಗಳಲ್ಲಿ ಅದು ಕಾಣ್ಲಿಲ್ಲ. ಈಗ ಜಪಾನಿನ ಸೂಪರ್ ಕಾಮಿಯೊಕಾಂಡೆ ಡಿಟೆಕ್ಟರ್ ಹೇಳುವ ಪ್ರಕಾರ ಪ್ರೋಟಾನ್ ಸಾಯುವ ಒಂದು ಮುಖ್ಯ ದಾರಿ ಹಿಡಿದ್ರೆ ಅದರ ಆಯುಸ್ಸು 1ರ ಮುಂದೆ 34 ಸೊನ್ನೆ ವರ್ಷಕ್ಕಿಂತ ಜಾಸ್ತಿ.

34! ನಾನು ತಟ್ಟೆ ಬಿಟ್ಟು ಎದ್ದೆ, ಇಲ್ಲೂ 34 ಅಲ್ಲೂ 34, ಸಂಬಂಧ ಉಂಟು ಮಾರಾಯ! ಅವ ತಣ್ಣಗೆ ಹೇಳಿದ, "ಮಾವ, ವರ್ಷದ ಬದ್ಲು ಸೆಕೆಂಡ್‌ನಲ್ಲಿ ಬರೆದ್ರೆ ಅದು 41 ಆಗ್ತದೆ." ಕೂತೆ.

ಆಗ ಅವ ಸೂರ್ಯ ಚಂದ್ರರ ಉದಾಹರಣೆ ಕೊಟ್ಟ. ಸೂರ್ಯ ಚಂದ್ರನಿಗಿಂತ ಸುಮಾರು 400 ಪಟ್ಟು ದೊಡ್ಡದು, ಸುಮಾರು 400 ಪಟ್ಟು ದೂರ, ಅದಕ್ಕೇ ಆಕಾಶದಲ್ಲಿ ಎರಡೂ ಒಂದೇ ಸೈಜ್ ಕಾಣೂದು, ಖಗ್ರಾಸ ಗ್ರಹಣ ಅಷ್ಟು ಚಂದ ಆಗೂದು. ಇದಕ್ಕೆ ಯಾವ ಕಾವಲುಗಾರನೂ ಇಲ್ಲ, ಯಾವ ಸಿಮೆಟ್ರಿಯೂ ಇಲ್ಲ. ಚಂದ್ರ ವರ್ಷಕ್ಕೆ 3.8 ಸೆಂಟಿಮೀಟರ್ ದೂರ ಹೋಗ್ತಾ ಉಂಟು, ನಾವು ಸರಿಯಾದ ಹೊತ್ತಿಗೆ ಹುಟ್ಟಿದ್ದೇವೆ ಅಷ್ಟೇ. 1980ರ ಫೆಬ್ರವರಿ 16ರ ಗ್ರಹಣ ನನಗೆ ನೆನಪುಂಟು, ಕಾರವಾರ ಅಂಕೋಲಾ ಕಡೆ ಪೂರ್ತಿ ಕತ್ತಲೆ, ಕುಂದಾಪುರದಲ್ಲಿ ಅಜ್ಜಿ ನಮ್ಮನ್ನೆಲ್ಲ ಕೋಣೆಗೆ ತುಂಬಿ ಚಿಲಕ ಹಾಕಿದ್ರು, ಕಿಟಕಿ ಸಂದಿಯಲ್ಲಿ ಒಂಥರಾ ಹಳದಿ ಬೆಳಕು. ಏಳು ವರ್ಷದವನಿಗೆ ಇದು ಕಾಕತಾಳೀಯ ಅಂತ ಯಾರಾದ್ರೂ ಹೇಳಿದ್ರೆ ನಂಬ್ತಿರ್ಲಿಲ್ಲ. ಈಗ್ಲೂ ನಂಬ್ಲಿಕ್ಕೆ ಕಷ್ಟ.

ಇನ್ನೂ ಒಂದು ಮಾತು ಹೇಳಿದ. ಹಿಗ್ಸ್ ತರದ ಕಣ ಹೀಗೆ ಹಗುರ ಇರ್ಲಿಕ್ಕಿಲ್ಲ ಅಂತ 1970ರ ದಶಕದ ಶುರುವಿಗೆ ಮೊದ್ಲು ಹೇಳಿದವರಲ್ಲಿ ಕೆನ್ನೆತ್ ವಿಲ್ಸನ್ ಒಬ್ರು, 1982ರಲ್ಲಿ ನೊಬೆಲ್ ಬಂದವರು. ವಯಸ್ಸಾದ ಮೇಲೆ ಅವರೇ ಅದನ್ನ ತನ್ನ ಬ್ಲಂಡರ್ ಅಂತ ಬರ್ದಿದ್ದಾರಂತೆ, ಹಿಗ್ಸ್ ಸಿಗುವ ಮೊದ್ಲೇ. ಶುರು ಮಾಡಿದವರು ಕೈ ತೊಳ್ಕೊಂಡ್ರು, ಹಿಂದೆ ಬಂದವರು ನಲ್ವತ್ತು ವರ್ಷ ಹುಡುಕಿದ್ರು.

ಇದು ಕೇಳಿದ್ಮೇಲೆ ನಾನು ಯಾರಿಗೂ ಹೇಳದ ಒಂದು ಕಥೆ ಅವನಿಗೆ ಹೇಳಿದೆ. 1994, ನಾನು ಆರ್ಟಿಕಲ್‌ಶಿಪ್‌ನಲ್ಲಿದ್ದೆ, ಅಂದ್ರೆ ಸಿಎ ಟ್ರೈನಿಂಗ್, ಮಾಟುಂಗಾ ಕಡೆ ನಮ್ಮೂರಿನವರದ್ದೇ ಒಂದು ಹೋಟೆಲಿನ ಲೆಕ್ಕ ನೋಡ್ಲಿಕ್ಕೆ ಕಳ್ಸಿದ್ರು. ವ್ಯತ್ಯಾಸ ಬಂತು, 2,637 ರೂಪಾಯಿ. ಒಂಬತ್ತರಿಂದ ಭಾಗ ಮಾಡಿದೆ, 293, ಶೇಷ ಇಲ್ಲ. ಸಿಕ್ಕಿತು ಅಂತ ಕುಣಿದೆ. ಅಲ್ಲಿ ಲೆಕ್ಕ ಬರೀತಿದ್ದವರು ಅರವತ್ತು ದಾಟಿದ ಒಬ್ರು ಭಟ್ರು, ಕನ್ನಡಕದ ಒಂದು ಕಾಲಿಗೆ ದಾರ ಕಟ್ಟಿದ್ರು. ನೀವು ಅಂಕಿ ಅದಲುಬದಲು ಮಾಡಿದ್ದೀರಿ ಅಂತ ಅವರ ಮುಖಕ್ಕೇ ಹೇಳಿದೆ, ಯಜಮಾನ್ರ ಎದುರಿಗೆ. ಮೂರು ದಿನ ಕಿರ್ದಿ ಪುಸ್ತಕದ ಒಂದೊಂದು ಸಾಲು ನೋಡಿದೆ, ಅವರು ಪಕ್ಕದಲ್ಲೇ ಕೂತು ಪುಟ ತಿರುಗಿಸಿ ಕೊಡ್ತಿದ್ರು. ಎರಡನೇ ದಿನ ಮಧ್ಯಾಹ್ನದಿಂದ ಯಜಮಾನ್ರು ಅವರ ಹತ್ರ ಮಾತಾಡೂದು ಬಿಟ್ರು. ಮೂರನೇ ದಿನ ಸಂಜೆ, ಪಂಚಾಂಗದ ಒಳಗಿಂದ ತೆಂಗಿನಕಾಯಿಯವನ ಬಿಲ್ ಬಿತ್ತು, 1,850. ಐಸ್‌ನವನ ಬಿಲ್ ಯಜಮಾನ್ರದ್ದೇ ಶರ್ಟಿನ ಜೇಬಿನಲ್ಲಿ, 787. ಕೂಡಿಸಿದ್ರೆ 2,637. ಎರಡರಲ್ಲಿ ಒಂದೂ ಒಂಬತ್ತರಿಂದ ಭಾಗ ಹೋಗೂದಿಲ್ಲ. ಎರಡೂ ಸೇರಿದಾಗ ಹೋಗ್ತದೆ, ಸುಮ್ನೆ. ಯಾವ ಅಂಕಿ ತಗೊಂಡ್ರೂ ಒಂಬತ್ತರಲ್ಲಿ ಒಂದು ಹಾಗೇ ಹೋಗ್ತದಲ್ಲ, ಅದು ನನಗೆ ಆಗ ಹೊಳೀಲೇ ಇಲ್ಲ.

ಭಟ್ರು ಎಂತ ಹೇಳಿದ್ರು ಅಂತ ಅಳಿಯ ಕೇಳಿದ. ಎಂತದೂ ಹೇಳ್ಲಿಲ್ಲ, ಹುಡುಗನನ್ನ ಕರೆದು ನನಗೆ ಒಂದು ಕಾಫಿ ತರ್ಸಿದ್ರು, ಸಕ್ಕರೆ ಜಾಸ್ತಿ ಹಾಕು ಅಂದ್ರು, ನನಗೆ ಬೇಕಾದ್ದು ಹೇಗೆ ಅಂತ ಮೂರು ದಿನದಲ್ಲಿ ಅವರು ಗಮನಿಸಿದ್ರು.

"ಆಮೇಲೆ ಒಂಬತ್ತರಿಂದ ಭಾಗ ಮಾಡೂದು ಬಿಟ್ರಾ ಮಾವ?"

ಇಲ್ಲ ಅಂದೆ. ಈಗ್ಲೂ ಮೊದ್ಲು ಮಾಡೂದು ಅದನ್ನೇ. ಮುಖಕ್ಕೆ ಹೇಳೂದು ಮಾತ್ರ ಬಿಟ್ಟಿದ್ದೇನೆ.

ಸಂಜೆ ನನ್ನ ಹೆಂಡತಿ ಚಟ್ನಿಪುಡಿ, ಹಲಸಿನ ಹಪ್ಪಳ ಎಲ್ಲ ಕಟ್ಟಿಕೊಟ್ಲು, ನಾನು ಸ್ಟೇಷನ್ ತನಕ ರಿಕ್ಷಾ ಹಿಡಿದು ಕೊಟ್ಟೆ. ಠಾಣೆ ದಾಟಿರ್ಬೇಕು, ವಾಟ್ಸಾಪ್ ಬಂತು. "125 ಭಾಗ ಹೋಗೂದಿಲ್ಲ ಮಾವ, ನೋಡಿದೆ." ನಾನು ನಗುವ ಚಿತ್ರ ಒಂದು ಹಾಕಿ ಸುಮ್ಮನಾದೆ. ಅವ ಚಪ್ಪಲಿ ಹಾಕ್ಕೊಳ್ಳುವಾಗಲೇ ನಾನು ನೋಡಿ ಆಗಿತ್ತು, 125 ಅಲ್ಲ, 15,625.